ಪೂಜೆಗಿಟ್ಟ ಚಾಕು

"ಅದನ್ನೂ ಇಡ್ರೀ," ಎಂದಳು ಜಗದಾಂಬಾ.

ಗಿರಿರಾಜ್ ಕೇಳಿಸದವನಂತೆ ಊದುಬತ್ತಿ ಹಚ್ಚುವುದರಲ್ಲಿ ಮಗ್ನನಾದ. ಗಾಜಿನ ಮೇಜಿನ ಮೇಲೆ ಹೊಸ ಟವೆಲ್ ಹಾಸಿ, ಕನ್ನಡಕದ ಅಂಗಡಿಯೊಂದರಲ್ಲಿ ಇರಬಹುದಾದ ಆಯುಧಗಳನ್ನೆಲ್ಲ ಅದರ ಮೇಲೆ ಸಾಲಾಗಿ ಜೋಡಿಸಿಟ್ಟಾಗಿತ್ತು. ಸಾಸಿವೆ ಕಾಳಿನಷ್ಟು ಸಣ್ಣ ಸ್ಕ್ರೂ ಬಿಗಿಯುವ ಸ್ಕ್ರೂಡ್ರೈವರುಗಳು, ಚೂಪು ಮೂತಿಯ ಇಕ್ಕಳ, ಫ್ರೇಮಿನ ಕಡ್ಡಿ ಬಿಸಿ ಮಾಡುವ ಹೀಟರು, ಕಣ್ಣು ಪರೀಕ್ಷೆಯ ಮಸೂರಗಳ ಪೆಟ್ಟಿಗೆ, ಸ್ಕೂಟರಿನ ಕೀಲಿ. ಎಲ್ಲಕ್ಕೂ ವಿಭೂತಿ, ಕುಂಕುಮ, ಒಂದೊಂದು ಸೇವಂತಿಗೆ. ಮಸೂರ ಉಜ್ಜುವ ಮಿಷನ್ನಿಗೆ ಮಾತ್ರ ಅದರ ಬೆಲೆಗೆ ತಕ್ಕ ದೊಡ್ಡ ಹಾರ.

"ನಿಮಗೇ ಹೇಳಿದ್ದು. ಸೊಂಟದಲ್ಲಿರೋದು."

"ಅದೇನ್ ಅಂಗಡಿ ಟೂಲ್ ಅಲ್ಲ ಕಣೇ."

"ಮತ್ತೇನದು, ಉಡದಾರನಾ?"

ಪ್ರಸಾದಕ್ಕೆಂದು ಬಂದು ಬಾಗಿಲಲ್ಲೇ ನಿಂತಿದ್ದ ಪಕ್ಕದಂಗಡಿಯ ಟೈಲರ್ ಗಂಗಾಧರಯ್ಯ ನಕ್ಕರು. ಗಿರಿರಾಜನಿಗೆ ನಾಚಿಕೆಯಾಯಿತು. ಬೆನ್ನ ಹಿಂದಕ್ಕೆ ಕೈ ಹಾಕಿ ಶರ್ಟು ಎತ್ತಿ, ಬೆಲ್ಟಿಗೆ ಅಡ್ಡಲಾಗಿ ಸಿಕ್ಕಿಸಿಕೊಂಡಿದ್ದ ಚಾಕುವನ್ನು ಒರೆಯ ಸಮೇತ ತೆಗೆದು ಟವೆಲಿನ ಮೇಲಿಟ್ಟ.

ಅದು ನಾಲ್ಕಿಂಚು ಅಲಗಿನ ಚಾಕು. ಮಡಚುವಂಥದ್ದಲ್ಲ, ಅಲಗಿನ ಉಕ್ಕೇ ಹಿಡಿಕೆಯ ಕೊನೆಯವರೆಗೂ ಒಂದೇ ತುಂಡಾಗಿ ಹೋಗಿತ್ತು. ಲಾಕ್‌ಡೌನಿನಲ್ಲಿ ಅಂಗಡಿ ಮುಚ್ಚಿ ಮನೆಯಲ್ಲಿ ಕೂತಿದ್ದಾಗ, ಕಾಡಿನಲ್ಲಿ ಒಬ್ಬಂಟಿಯಾಗಿ ಬದುಕಿ ತೋರಿಸುವವರ ವಿಡಿಯೋಗಳನ್ನು ನೋಡಿ ನೋಡಿ ಅವನಿಗೆ ಇದರ ಹುಚ್ಚು ಹಿಡಿದಿತ್ತು. ಕಾಡೆಂದು ಅವನು ಕಂಡಿದ್ದು ಜ್ಞಾನಭಾರತಿ ಕ್ಯಾಂಪಸ್ಸಿನ ಮರಗಳನ್ನು, ಅದೂ ಬೆಳಗಿನ ವಾಕಿಂಗಿನಲ್ಲಿ. ಆದರೂ ತರಿಸಿಕೊಂಡ. ಅಂದಿನಿಂದ, ತಪಾಸಣೆಯವರ ಕೈಗೆ ಸಿಕ್ಕಿಬೀಳುತ್ತೇನೆಂದು ಮೆಟ್ರೋ ಹತ್ತುವುದನ್ನೇ ಬಿಟ್ಟ. ವಿಜಯನಗರದ ಸ್ಟೇಷನ್ ಅಂಗಡಿಯಿಂದ ಕೂಗಳತೆಯಲ್ಲಿದ್ದರೂ ಮೆಜೆಸ್ಟಿಕ್ಕಿಗೆ ಸ್ಕೂಟರಿನಲ್ಲಿ ಹೊಗೆ ಕುಡಿಯುತ್ತಲೇ ಹೋಗಿ ಬರುತ್ತಿದ್ದ. ಕೊರಿಯರ್ ಡಬ್ಬಿ ಬಿಚ್ಚುವುದಕ್ಕೆ ಮಾತ್ರ ಅದನ್ನು ಮುಟ್ಟುತ್ತಿರಲಿಲ್ಲ, ಮೊಂಡಾಗುತ್ತದಂತೆ. ಭಾನುವಾರ ಬಂತೆಂದರೆ ಕಲ್ಲು ನೆನೆಸಿಕೊಂಡು ಮಸೆಯಲು ಕೂರುತ್ತಿದ್ದ. ಹದ ಬಂತೋ ಇಲ್ಲವೋ ಎಂದು ತನ್ನದೇ ಎಡಗೈಯ ಕೂದಲು ಹೆರೆದು ನೋಡುತ್ತಿದ್ದುದರಿಂದ, ಆ ಕೈ ಮಣಿಕಟ್ಟಿನಿಂದ ಮೇಲೆ ಗೇಣಗಲ ಬೋಳಾಗಿರುತ್ತಿತ್ತು.

"ಕೆಲವರಿಗೆ ಎಲೆಅಡಿಕೆ ಚಟ, ನಮ್ಮೋರಿಗೆ ಇದು," ಎಂದು ಜಗದಾಂಬಾ ದಾವಣಗೆರೆಯ ತಂಗಿಗೆ ಫೋನಿನಲ್ಲಿ ಹೇಳುತ್ತಿದ್ದಳು. ಅವಳು ಬಸವೇಶ್ವರನಗರದ ಶಾಲೆಯೊಂದರಲ್ಲಿ ಗಣಿತದ ಟೀಚರು, ಲೆಕ್ಕಕ್ಕೆ ಬಾರದ ಭಯಗಳನ್ನು ಒಪ್ಪುವವಳಲ್ಲ. ಗಿರಾಕಿಗಳಾದರೂ ಕೇಳಲೇಬೇಕಿತ್ತು, ಕಣ್ಣಿನ ಮೇಲೆ ಪರೀಕ್ಷೆಯ ಫ್ರೇಮು ಕೂತಿರುವಾಗ ಎದ್ದು ಹೋಗುವಂತಿಲ್ಲವಲ್ಲ. "ಎಮರ್ಜೆನ್ಸಿ ಹೇಳಿ ಕೇಳಿ ಬರಲ್ಲ ಸಾರ್," ಎಂದು ಗಿರಿರಾಜ್ ಮಸೂರ ಬದಲಿಸುತ್ತ ಶುರು ಮಾಡುತ್ತಿದ್ದ. "ಕಾರಿಗೆ ಬೆಂಕಿ ಬಿತ್ತು ಅನ್ಕೊಳಿ, ಸೀಟ್ ಬೆಲ್ಟ್ ಬಿಚ್ಚಕ್ಕೇ ಆಗ್ತಿಲ್ಲ. ಏನ್ಮಾಡ್ತೀರಾ? ಜನ ಹಂಗೇ ನೋಡ್ಕೊಂಡ್ ನಿಂತಿರ್ತಾರೆ ಅಷ್ಟೇ. ನಮ್ ಕೈಲೊಂದು ಇರ್ಬೇಕು. ಈಗ ಮೂರನೇ ಲೈನ್ ಓದಿ."

ಜಗದಾಂಬಾ ಒರೆಯ ಮೇಲೆ ವಿಭೂತಿ ಎಳೆದು, ಕುಂಕುಮವಿಟ್ಟು, ಒಂದು ಹಳದಿ ಸೇವಂತಿಗೆ ಇಟ್ಟಳು. ಹೂವಿಟ್ಟ ಮೇಲೆ ಅದು ಸಾಧುವಾಗಿ ಕಂಡಿತು. ಗಿರಿರಾಜ್ ಮಂಗಳಾರತಿ ಎತ್ತಿದ.

"ಇನ್ನು ನಾಳೆ ಪೂಜೆ ಆಗೋವರೆಗೂ ಮುಟ್ಟೋ ಹಾಗಿಲ್ಲ," ಎಂದರು ಗಂಗಾಧರಯ್ಯ. "ಇವತ್ತು ಇವುಕ್ಕೆಲ್ಲ ರಜಾ. ನನ್ನ ಕತ್ರೀನೂ ಮಲಗ್ಬಿಟ್ಟಿದೆ."

"ಮುಟ್ಟಲ್ಲ ಬಿಡಿ," ಎಂದ ಗಿರಿರಾಜ್. ಸೊಂಟ ಹಗುರಾಗಿ, ಏನೋ ಮರೆತು ಬಂದ ಹಾಗೆ ಅನ್ನಿಸುತ್ತಿತ್ತು. ಹಬ್ಬಕ್ಕೆಂದು ಹಾಕಿಕೊಂಡಿದ್ದ ಬಿಳಿ ಶರ್ಟಿನ ಹಿಂಭಾಗವನ್ನು ಎರಡು ಸಲ ಸುಮ್ಮನೆ ಮುಟ್ಟಿ ನೋಡಿಕೊಂಡ.

ಮಧ್ಯಾಹ್ನದ ಹೊತ್ತಿಗೆ ಬೀದಿಯ ತುಂಬ ಒಡೆದ ಬೂದುಗುಂಬಳ. ಒಡೆಯಬೇಡಿ ಎಂದು ಪ್ರತಿವರ್ಷವೂ ಮೈಕಿನಲ್ಲಿ ಕೂಗಿ ಹೋಗುತ್ತಾರೆ, ಪ್ರತಿವರ್ಷವೂ ಒಡೆಯುತ್ತಾರೆ. ಪ್ರತಿಯೊಂದು ಅಂಗಡಿಯ ಎದುರಿಗೂ ಕುಂಕುಮ ತುಂಬಿದ ಕಾಯಿ ಚೂರಾಗಿ, ರಸ ಸುರಿಸಿಕೊಂಡು ಬಿದ್ದಿತ್ತು. ಬಸ್ಸುಗಳ ಬಾನೆಟ್ಟಿಗೆ ಬಾಳೆಕಂದು ಕಟ್ಟಿದ್ದರು. ಗಿರಿರಾಜ್ ಕಡ್ಲೆಪುರಿಯ ತಟ್ಟೆ ಹಿಡಿದು ಬಾಗಿಲಿಗೆ ಬಂದ. ಎದುರಿನ ಫುಟ್‌ಪಾತಿನಲ್ಲಿ ಎಳನೀರು ಮಾರುವ ಭೈರೇಶ್, ಮಚ್ಚನ್ನು ಗಾಡಿಯ ಮೇಲೆ ದೇವರ ಪಟದ ಮುಂದೆ ಮಲಗಿಸಿ, ವ್ಯಾಪಾರವಿಲ್ಲದೆ ಆರಾಮಾಗಿ ಕೂತಿದ್ದ.

ಮಾರ್ಕೆಟ್ಟಿನ ಕಡೆಯಿಂದ ಬಂದ ಸ್ಕೂಟರು ಸರಿಯಾಗಿ ಅವರಿಬ್ಬರ ನಡುವೆ ಜಾರಿತು. ಯಾರ ಕುಂಬಳಕಾಯಿಯ ಮೇಲೆ ಎಂದು ಈಗಲೂ ಹೇಳಲು ಬರುವುದಿಲ್ಲ. ಓಡಿಸುತ್ತಿದ್ದ ಹುಡುಗಿ ಎಡಕ್ಕೆ ಬಿದ್ದಳು. ಕನ್ನಡಕ ಹಾರಿ ಹೋಯಿತು. ಏಳುತ್ತಾಳೆ ಎಂದು ಎಲ್ಲರೂ ಅಂದುಕೊಂಡರು, ಏಕೆಂದರೆ ಅವಳು ಅಂಥ ಜೋರಾಗೇನೂ ಬಿದ್ದಿರಲಿಲ್ಲ. ಆದರೆ ಮಲಗಿದ್ದ ಸ್ಕೂಟರಿನ ಹಿಂದಿನ ಚಕ್ರ ಇನ್ನೂ ತಿರುಗುತ್ತಿತ್ತು. ಕುತ್ತಿಗೆಗೆ ಸುತ್ತಿಕೊಂಡಿದ್ದ ದುಪಟ್ಟಾದ ತುದಿ ಅದಕ್ಕೆ ಸಿಕ್ಕಿತು, ಅವಳ ತಲೆ ಹೆಲ್ಮೆಟ್ಟಿನ ಸಮೇತ ಹಿಂದಕ್ಕೆ ಹೋಗಿ ಚಕ್ರಕ್ಕೆ ಬಡಿಯಿತು. ಎರಡೂ ಕೈ ಕುತ್ತಿಗೆಗೆ ಹೋದವು.

ಭೈರೇಶ್ ಒಂದೇ ನೆಗೆತಕ್ಕೆ ಬಂದು ಕೀಲಿ ತಿರುಗಿಸಿ ಎಂಜಿನ್ ಆರಿಸಿದ. ಯಾರೋ ದುಪಟ್ಟಾ ಹಿಡಿದು ಎಳೆದರು. ಇನ್ನಷ್ಟು ಬಿಗಿಯಿತು.

"ಎಳೀಬೇಡಿ," ಎಂದು ಕೂಗಿದವನು ಗಿರಿರಾಜನೇ. "ಕಟ್ ಮಾಡ್ಬೇಕು. ಕಟ್ ಮಾಡಿ."

ಸರಿಯಾದ ಮಾತನ್ನು ಮೊದಲು ಆಡಿದವನು ಅವನೇ ಎಂಬುದನ್ನು ಹೇಳಲೇಬೇಕು. ಅವನ ಬಲಗೈ ತಾನಾಗಿಯೇ ಬೆನ್ನ ಹಿಂದಕ್ಕೆ ಹೋಯಿತು, ಬರಿಯ ಬೆಲ್ಟು ಸಿಕ್ಕಿತು. ತಟ್ಟೆಯನ್ನು ಅಲ್ಲೇ ಬಿಸಾಡಿ ಅಂಗಡಿಯೊಳಕ್ಕೆ ಓಡಿದ. ಆಚೆ ಭೈರೇಶ್ ತನ್ನ ಗಾಡಿಯ ಮೇಲಿನ ಮಚ್ಚು ನೋಡಿ, ಅದರ ಮೇಲಿನ ಹೂ ನೋಡಿ, "ಪೂಜೆಗಿಟ್ಟಿದೀನಲ್ಲಪ್ಪ" ಎಂದು ಯಾರಿಗೆಂದಿಲ್ಲದೆ ಅನ್ನುತ್ತಿದ್ದ. ಗಂಗಾಧರಯ್ಯ ದೇವರ ಮುಂದಿದ್ದ ತಮ್ಮ ಕತ್ತರಿಯನ್ನು ದಾಟಿಕೊಂಡು, ಅಡಿಗೆಮನೆಯ ಚಾಕು ಕೇಳಲು ಮಹಡಿ ಮನೆಯ ಮೆಟ್ಟಿಲು ಹತ್ತುತ್ತಿದ್ದರು. ಆಯುಧಪೂಜೆಯ ದಿನ ಆ ಬೀದಿಯಲ್ಲಿ ಎತ್ತಿಕೊಳ್ಳಬಹುದಾದ ಒಂದು ಬ್ಲೇಡೂ ಇರಲಿಲ್ಲ.

ಗಿರಿರಾಜ್ ಮೇಜಿನ ಎದುರು ಬಂದು ನಿಂತ. ಚಾಕು ಅಲ್ಲೇ ಇತ್ತು, ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಹಳದಿ ಹೂವು, ಕುಂಕುಮ, ಕಪ್ಪು ಒರೆ. ಅದು ಚಾಕು ಎಂದು ಅವನಿಗೆ ಗೊತ್ತಿತ್ತು. ಆಚೆ ಏನಾಗುತ್ತಿದೆ ಎಂದೂ ಗೊತ್ತಿತ್ತು. ಹುಡುಗಿಯ ಹಿಮ್ಮಡಿ ಟಾರು ರಸ್ತೆಗೆ ಬಡಿಯುವ ಸದ್ದು ಕೇಳಿಸುತ್ತಿತ್ತು. ಕೈ ಮಾತ್ರ ಏಳಲಿಲ್ಲ. ಮುಟ್ಟಬಾರದೆಂಬ ನೇಮ ಅವನ ತಲೆಗೆ ಬರಲಿಲ್ಲ, ದೇವರೂ ಬರಲಿಲ್ಲ. ತಲೆಯಲ್ಲಿ ಏನೂ ಇರಲಿಲ್ಲ. ಕೈಗಳು ಯಾರದೋ ಹಾಗೆ ಎರಡು ಪಕ್ಕಕ್ಕೆ ನೇತಾಡುತ್ತಿದ್ದವು. ಹೂವಿನ ಎಸಳುಗಳನ್ನು ನೋಡುತ್ತ ಅವನು ನಿಂತೇ ಇದ್ದ.

ಜಗದಾಂಬಾ ಒಳಕೋಣೆಯಲ್ಲಿ ತೆಂಗಿನಕಾಯಿ ಹೋಳು ಕಟ್ಟಿಡುತ್ತಿದ್ದವಳು ಗಲಾಟೆ ಕೇಳಿ ಹೊರಬಂದಳು. ಮೇಜಿನ ಮುಂದೆ ನಿಂತ ಗಂಡ ಕಂಡ. ಅವನಾಚೆ ರಸ್ತೆ, ಹುಡುಗಿಯ ಕಪ್ಪಿಡುತ್ತಿದ್ದ ಮುಖ.

"ಸರೀರಿ," ಎಂದು ಭುಜದಿಂದ ಅವನನ್ನು ನೂಕಿ ಚಾಕು ಎತ್ತಿಕೊಂಡಳು. ಒರೆಯಿಂದ ಎಳೆಯಲು ಹೆಬ್ಬೆರಳಿನಿಂದ ಒತ್ತಬೇಕೆಂದು ಅವಳಿಗೆ ಗೊತ್ತಿರಲಿಲ್ಲ. ಮೊಣಕೈವರೆಗೂ ಬಲ ಹಾಕಿ ಕಿತ್ತಳು, ಹೂವೆಲ್ಲ ನೆಲಕ್ಕೆ ಚೆಲ್ಲಿತು. ಹಬ್ಬದ ಸೀರೆಯಲ್ಲೇ ಕುಂಬಳದ ರಸದ ಮೇಲೆ ಮೊಣಕಾಲೂರಿ, ಹೆಲ್ಮೆಟ್ಟನ್ನು ಹಿಂದಕ್ಕೆ ಒತ್ತಿ ಹಿಡಿಯುವಂತೆ ಭೈರೇಶನಿಗೆ ಹೇಳಿ, ಎಡಗೈಯ ಎರಡು ಬೆರಳುಗಳನ್ನು ಬಟ್ಟೆಗೂ ಕುತ್ತಿಗೆಗೂ ನಡುವೆ ತುರುಕಿದಳು. ಬೆರಳಿನ ಮೇಲಿಂದಲೇ ಕೊಯ್ದಳು. ಹಗ್ಗದಂತೆ ಹುರಿಗೊಂಡಿದ್ದ ಬಟ್ಟೆ ಒಂದೇ ಎಳೆತಕ್ಕೆ ಎರಡಾಯಿತು.

ಹುಡುಗಿ ಉಸಿರೆಳೆದುಕೊಂಡಳು. ಕಾರ್ಪೊರೇಷನ್ ನಲ್ಲಿಯಲ್ಲಿ ನೀರು ಬರುವ ಮುಂಚೆ ಬರುವಂಥ ಸದ್ದು. ಆಮೇಲೆ ಕೆಮ್ಮು. ಆಮೇಲೆ ಅಳು. ಅಳು ಕೇಳಿದ ಮೇಲೆ ಜನಕ್ಕೂ ಉಸಿರು ಬಂತು. ರಸ್ತೆಯ ಮೇಲೆ ಎಲ್ಲವೂ ಕೆಂಪಾಗಿದ್ದರಿಂದ, ಜಗದಾಂಬಾಳ ಬೆರಳು ಸೋರುತ್ತಿದ್ದುದು ಆಟೋ ಹತ್ತುವವರೆಗೂ ಯಾರಿಗೂ ಗೊತ್ತಾಗಲಿಲ್ಲ.

ಹುಡುಗಿಯನ್ನು ತೊಡೆಯ ಮೇಲೆ ಮಲಗಿಸಿಕೊಂಡು ಅವಳು ನರ್ಸಿಂಗ್ ಹೋಮಿಗೆ ಹೋದಳು. ಗಿರಿರಾಜ್ ಅಂಗಡಿಯ ಮೆಟ್ಟಿಲಿಗೆ ಬಂದು ಕಡ್ಲೆಪುರಿಯ ನಡುವೆ ನಿಂತ. ಏನಾದರೂ ಮಾಡಬೇಕೆಂದು ರಸ್ತೆಗಿಳಿದು ಕನ್ನಡಕ ಹುಡುಕಿದ. ಒಂದು ಗಾಜು ಒಡೆದಿತ್ತು, ಒಂದು ಕಡ್ಡಿ ಸೊಟ್ಟಗಾಗಿತ್ತು. ಅದನ್ನು ಎತ್ತಿಕೊಂಡು ಶರ್ಟಿನ ತುದಿಯಲ್ಲಿ ಒರೆಸಿದ.

"ಬಿಡಿ ಸಾರ್, ತಲೆ ಕೆಡಿಸ್ಕೋಬೇಡಿ," ಎಂದ ಭೈರೇಶ್. "ಪೂಜೆಗಿಟ್ಟಿದ್ದನ್ನ ತೆಗಿಯಕ್ಕೆ ಯಾರಿಗ್ ಕೈ ಬರುತ್ತೆ. ನಂಗೂ ಬರ್ಲಿಲ್ಲ. ಮೇಡಮ್ದು ಗಟ್ಟಿ ಗುಂಡಿಗೆ."

ಗಂಗಾಧರಯ್ಯ ಇನ್ನೂ ಏದುಸಿರು ಬಿಡುತ್ತಿದ್ದರು. ಕೈಯಲ್ಲಿ ಮಹಡಿ ಮನೆಯವರ ಈರುಳ್ಳಿ ಕೊಯ್ಯುವ ಚಾಕು ಇತ್ತು. "ನನ್ ಬುದ್ಧಿಗಿಷ್ಟು," ಎಂದರು. "ಐವತ್ ವರ್ಷದಿಂದ ಬಟ್ಟೆ ಕತ್ತರಿಸ್ತಿದೀನಿ. ಕತ್ರಿ ಪಕ್ಕದಲ್ಲೇ ಇತ್ತು. ಆ ಮಗು ಹೋಗಿದ್ರೆ ಏನ್ ಗತಿ ಅಂತ." ಮುದುಕರ ಕಣ್ಣು ತುಂಬಿತ್ತು. "ಪೂಜೆ ಅನ್ನೋದು ತಲೇಲಿ ಹಂಗ್ ಕೂತ್ಬಿಟ್ಟಿರುತ್ತೆ ನೋಡು. ನಿಂಗೂ ಅದೇ ಆಗಿದ್ದು."

"ಹೌದು," ಎಂದ ಗಿರಿರಾಜ್. "ಅದೇ ಆಗಿದ್ದು."

ಒಂದು ಸಲ ಹೇಳಿದ ಮೇಲೆ ಸಲೀಸಾಯಿತು. ಮೆಡಿಕಲ್ ಅಂಗಡಿಯವನಿಗೆ ಹೇಳಿದ, ವಿಷಯ ಕೇಳಿ ಫೋನ್ ಮಾಡಿದ ತಮ್ಮನಿಗೆ ಹೇಳಿದ. ಪೂಜೆಗಿಟ್ಟಿದ್ದಲ್ವಾ, ಆ ಕ್ಷಣ ಕೈ ಹೋಗ್ಲಿಲ್ಲ. ಕೇಳಿದವರೆಲ್ಲ ಹೌದೌದು ಎಂದು ತಲೆಯಾಡಿಸಿದರು, ಒಬ್ಬಿಬ್ಬರು ಅವನ ಭಕ್ತಿಯನ್ನು ಮೆಚ್ಚಿಕೊಂಡರು ಕೂಡ. ಸಂಜೆಯ ಹೊತ್ತಿಗೆ ಅವನಿಗೇ ಅದು ನಿಜವೇನೋ ಅನ್ನಿಸತೊಡಗಿತ್ತು. ಆದರೆ ಕಣ್ಣು ಮುಚ್ಚಿದರೆ ಎಸಳು ಕಾಣುತ್ತಿತ್ತು, ಎಸಳಿನ ಜೊತೆಗೆ ಆ ಹಿಮ್ಮಡಿಯ ಸದ್ದು ಬರುತ್ತಿತ್ತು.

ಜಗದಾಂಬಾ ಬೆರಳಿಗೆ ಹೊಲಿಗೆ ಹಾಕಿಸಿಕೊಂಡು ಮನೆಗೆ ಬಂದಳು. "ಏನೂ ಆಗಿಲ್ಲ ಅಂದ್ರು. ಸಂಘಮಿತ್ರಾ ಅಂತೆ ಹೆಸರು, ಸುಂಕದಕಟ್ಟೆಯವಳು, ಯೂನಿವರ್ಸಿಟೀಲಿ ಓದ್ತಾಳೆ. ಅವರಪ್ಪ ಅಮ್ಮ ಬಂದ್ರು, ಬಿಟ್ ಬಂದೆ." ಕುಕ್ಕರು ಇಡಲು ಹೋದವಳು ಅಲ್ಲಿಂದಲೇ ಹೇಳಿದಳು: "ಎಷ್ಟ್ ಹರಿತ ಇತ್ತು ರೀ ಅದು. ಬೆಣ್ಣೆ ಕೊಯ್ದಂಗೆ ಹೋಯ್ತು. ನೀವು ಮಸೆದಿಟ್ಟಿದ್ದಕ್ಕೇ ಆ ಹುಡುಗಿ ಉಳೀತು."

ಅವಳು ನಿಜವಾಗಿಯೂ ಹಾಗೇ ಅಂದುಕೊಂಡಿದ್ದಳು. ಚುಚ್ಚುವುದಕ್ಕೆ ಹೇಳಿದ ಮಾತಲ್ಲ. ಚುಚ್ಚಿದ್ದರೆ ಗಿರಿರಾಜನಿಗೆ ಎಷ್ಟೋ ವಾಸಿಯಾಗುತ್ತಿತ್ತು. ತಾನೇಕೆ ನಿಂತಿದ್ದೆ ಎಂದು ಅವಳು ಕೇಳಲೇ ಇಲ್ಲವಲ್ಲ ಎಂಬುದೊಂದೇ ಅವನನ್ನು ಊಟದುದ್ದಕ್ಕೂ ತಿಂದಿತು. ಚಾಕು ತೊಳೆದು ಫ್ರಿಜ್ಜಿನ ಮೇಲೆ ಇಟ್ಟಿದ್ದಳು. ಮಾರನೆಯ ದಿನವೂ ಅವನು ಅದನ್ನು ಕಟ್ಟಿಕೊಳ್ಳಲಿಲ್ಲ, ಅದರ ಮರುದಿನವೂ.

ಹಬ್ಬದ ರಜೆ ಮುಗಿದು ಬೀದಿ ತೊಳೆದ ಮೇಲೆ ಸಂಘಮಿತ್ರಾ ಬಸ್ಸಿನಲ್ಲಿ ಬಂದಳು. ಜಗದಾಂಬಾಳಿಗೆ ಮೊದಲೇ ಫೋನ್ ಮಾಡಿದ್ದರಿಂದ ಅವಳೂ ಶಾಲೆ ಮುಗಿಸಿ ಅಂಗಡಿಗೆ ಬಂದು ಕಾಯುತ್ತಿದ್ದಳು. ಹುಡುಗಿ ಸೇಬಿನ ಚೀಲವೊಂದನ್ನು ಮೇಜಿನ ಮೇಲಿಟ್ಟು, ಬೇಡವೆಂದರೂ ಬಿಡದೆ ಜಗದಾಂಬಾಳ ಕಾಲು ಮುಟ್ಟಿದಳು. ಕುತ್ತಿಗೆಯ ಸುತ್ತ ಬೆರಳಗಲದ ಕಂದು ಪಟ್ಟಿ. ದನಿ ಇನ್ನೂ ಸರಿಹೋಗಿರಲಿಲ್ಲ, ಗುಟ್ಟು ಹೇಳುವವಳಂತೆ ಮಾತಾಡುತ್ತಿದ್ದಳು.

"ಹಳೇ ಗಾಜಿನಿಂದ್ಲೇ ನಂಬರ್ ತಗೊಂಡು ಹೊಸದು ಹಾಕಿದೀನಿ," ಎಂದ ಗಿರಿರಾಜ್. "ಕಡ್ಡೀನೂ ಸರಿ ಮಾಡಿದೀನಿ. ಕೂತ್ಕೊಳಮ್ಮ, ಹಾಕಿ ನೋಡೋಣ."

ಅವಳು ಕುರ್ಚಿಯಲ್ಲಿ ಕೂತು ಕಣ್ಣು ಕಿರಿದಾಗಿಸಿ ಅಂಗಡಿಯ ಸುತ್ತ ನೋಡಿದಳು. ಏನನ್ನೋ ಹುಡುಕುತ್ತಿರುವಂತಿತ್ತು.

"ಅಂಕಲ್, ಆ ಬೊಂಬೆ ತೆಗೆದ್ಬಿಟ್ರಾ?"

"ಯಾವ ಬೊಂಬೆ?"

"ಆವತ್ತು ಈ ಮೇಜಿನ ಹತ್ರ ಇತ್ತಲ್ಲ. ಮನುಷ್ಯನಷ್ಟೇ ಉದ್ದ, ಬಿಳಿ ಶರ್ಟ್ ಹಾಕಿದ್ದು. ಹಬ್ಬಕ್ಕೆ ನಿಲ್ಸಿದ್ರೇನೋ." ಅವಳು ನಾಚಿದವಳಂತೆ ನಕ್ಕಳು, ನಕ್ಕಿದ್ದಕ್ಕೆ ಗಂಟಲು ನೋವಾಯಿತೇನೋ, ಕೈ ಇಟ್ಟುಕೊಂಡಳು. "ನಾನ್ ಬಿದ್ದಿದ್ದು ಈ ಕಡೆಗೇ ಮುಖ ಮಾಡ್ಕೊಂಡು. ಕನ್ನಡಕ ಇರ್ಲಿಲ್ಲ, ಬರೀ ಮಬ್ಬು. ಯಾರೋ ಅಂಗಡಿ ಒಳಗೆ ನಿಂತಿದಾರೆ, ಈಗ ಬರ್ತಾರೆ, ಈಗ ಬರ್ತಾರೆ ಅಂತ ಅದನ್ನೇ ನೋಡ್ತಿದ್ದೆ. ಬೇರೆ ಯಾರೂ ಕಾಣ್ತಿರ್ಲಿಲ್ಲ ನಂಗೆ. ಅದು ಅಲ್ಲಾಡ್ಲೇ ಇಲ್ಲ. ಆಮೇಲೆ ಆಸ್ಪತ್ರೇಲಿ ಹೊಳೀತು, ಮನುಷ್ಯರಾಗಿದ್ರೆ ಬರ್ತಿದ್ರಲ್ವಾ, ಬೊಂಬೆ ಇರ್ಬೇಕು ಅಂತ. ಅಮ್ಮಂಗೂ ಹೇಳ್ದೆ."

ಫ್ಯಾನು ತಿರುಗುತ್ತಿತ್ತು. ಗಿರಿರಾಜನಿಗೆ ಮೊನ್ನೆಗಿಂತ ದೊಡ್ಡ ಆಘಾತ ಇದು. ಮೊನ್ನೆ ಅವನಿಗೆ ತನ್ನ ಕೈ ಏಳದಿದ್ದುದು ಮಾತ್ರ ಗೊತ್ತಾಗಿತ್ತು, ಆ ಬದಿಯಿಂದ ತಾನು ಹೇಗೆ ಕಂಡಿದ್ದೆ ಎಂದು ಗೊತ್ತಾಗಿರಲಿಲ್ಲ.

"ಹೂಂನಮ್ಮ, ಬೊಂಬೇನೇ," ಎಂದಳು ಜಗದಾಂಬಾ. "ಹಬ್ಬಕ್ಕೆ ಅಂತ ತಂದಿದ್ವಿ. ಮೊನ್ನೆನೇ ವಾಪಸ್ ಕಳ್ಸಿದ್ವಿ."

ಇಷ್ಟು ವರ್ಷದಲ್ಲಿ ಹೆಂಡತಿ ಸುಳ್ಳು ಹೇಳಿದ್ದನ್ನು ಅವನು ಕೇಳಿದ್ದು ಇದೇ ಮೊದಲು. ಅವಳು ಅವನತ್ತ ನೋಡದೆ, ಬ್ಯಾಂಡೇಜಿನ ಬೆರಳಿನಿಂದ ಸೇಬಿನ ಚೀಲದ ಗಂಟು ಬಿಚ್ಚುತ್ತಿದ್ದಳು. ಆಗ ಅವನಿಗೆ ತಿಳಿಯಿತು, ಅವಳಿಗೆ ಎಲ್ಲ ಗೊತ್ತಿದೆ. ಮೊದಲ ದಿನದಿಂದಲೂ ಗೊತ್ತಿದೆ.

"ಬೊಂಬೆ ಅಲ್ಲಮ್ಮ," ಎಂದ ಗಿರಿರಾಜ್. "ಅದು ನಾನು."

ಹುಡುಗಿಗೆ ಅರ್ಥವಾಗಲಿಲ್ಲ.

"ನಾನೇ ನಿಂತಿದ್ದೆ. ಚಾಕು ನನ್ ಮುಂದೇನೇ ಇತ್ತು."

"ಪೂಜೆಗಿಟ್ಟಿತ್ತಮ್ಮ," ಎಂದಳು ಜಗದಾಂಬಾ ಅವಸರದಿಂದ. "ಮುಟ್ಬಾರ್ದು ಅಂತ ಇರುತ್ತಲ್ಲ, ಅದಕ್ಕೆ."

"ಇಲ್ಲ ಕಣೇ. ಪೂಜೆ ನೆನಪೇ ಆಗ್ಲಿಲ್ಲ ನಂಗೆ." ಅವನ ದನಿಯೂ ಹುಡುಗಿಯ ದನಿಯಂತೆಯೇ ಸಣ್ಣಗಾಗಿತ್ತು. "ಕೈ ಬರ್ಲಿಲ್ಲ, ಅಷ್ಟೇ. ಯಾಕೆ ಅಂತ ಗೊತ್ತಿಲ್ಲ."

ಸಂಘಮಿತ್ರಾ ಅವನ ಮುಖವನ್ನು ನೋಡಿದಳು. ಎಷ್ಟು ಕಂಡಿತೋ ಏನೋ, ಕನ್ನಡಕ ಇನ್ನೂ ಅವನ ಕೈಯಲ್ಲೇ ಇತ್ತು. ಅವಳ ಎರಡು ಬೆರಳು ಕುತ್ತಿಗೆಯ ಪಟ್ಟಿಯ ಮೇಲೆ ಹಿಂದಕ್ಕೂ ಮುಂದಕ್ಕೂ ಸರಿದವು. ಎದ್ದು ಹೋಗಲಿ, ಬೈಯಲಿ, ಏನಾದರೂ ಆಗಲಿ ಎಂದು ಗಿರಿರಾಜ್ ಕಾದ. ಹೊರಗೆ ಬಸ್ಸೊಂದು ನಿಂತು, ಜನರನ್ನು ಇಳಿಸಿ, ಹೋಯಿತು.

"ಲೇಟಾಗುತ್ತೆ," ಎಂದಳು ಕೊನೆಗೆ. "ಹಾಕ್ತೀರಾ?"

ಅವನು ಹೀಟರಿನ ಮೇಲೆ ಕಡ್ಡಿ ಹಿಡಿದು ಬಿಸಿ ಮಾಡಿದ. ಹತ್ತಿರ ಹೋದಾಗ ಅವಳು ಕೂದಲನ್ನೆಲ್ಲ ಎರಡು ಕೈಯಲ್ಲಿ ಮೇಲಕ್ಕೆತ್ತಿ ಹಿಡಿದುಕೊಂಡು ತಲೆ ಬಗ್ಗಿಸಿದಳು. ಕಂದು ಪಟ್ಟಿ ಕಿವಿಯ ಹಿಂದಿನವರೆಗೂ ಹೋಗಿತ್ತು, ಸರಿಯಾಗಿ ಕಡ್ಡಿ ಕೂರಬೇಕಾದ ಜಾಗಕ್ಕೆ. ಗಿರಿರಾಜನ ಕೈ ಗಾಳಿಯಲ್ಲಿ ನಿಂತಿತು. ಜಗದಾಂಬಾ ಸ್ಟೂಲಿನ ಮೇಲೆ ಕೂತವಳು ಏಳಲಿಲ್ಲ.

ಅವನು ಕನ್ನಡಕವನ್ನು ಅವಳ ಮೂಗಿನ ಮೇಲಿಟ್ಟು, ಎರಡೂ ಕಡ್ಡಿಗಳನ್ನು ಚರ್ಮಕ್ಕೆ ತಾಗದಂತೆ ಕಿವಿಯ ಹಿಂದಕ್ಕೆ ಇಳಿಸಿದ.

"ಬಿಗಿ ಆಗ್ತಾ ಇದ್ಯಾ?"

ಅವಳು ತಲೆಯನ್ನು ಎಡಕ್ಕೂ ಬಲಕ್ಕೂ ತಿರುಗಿಸಿ ನೋಡಿದಳು.

"ಸ್ವಲ್ಪ."

ಅವನು ಅದನ್ನು ತೆಗೆದು ಮತ್ತೆ ಹೀಟರಿನ ಮೇಲೆ ಹಿಡಿದ. ಸಂಘಮಿತ್ರಾ ಕೂದಲು ಎತ್ತಿ ಹಿಡಿದುಕೊಂಡೇ, ಕಣ್ಣು ಮುಚ್ಚಿ ಕಾಯುತ್ತಿದ್ದಳು.